ಅವ್ವನ ಬಣ್ಣ

“ಗುರುಗಳೇ, ತಿದ್ದುವುದಕ್ಕೆ ಒಂದು ಕೊನೆ ಇದೆಯೇ?”

ಕೇಳಿದವನು ನಿಜಗುಣಪ್ಪ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಅವನಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಹೆಸರು. ಮಠಕ್ಕೆ ಬಂದಾಗಲೆಲ್ಲ ಬಾಗಿಲ ಮೇಲಿನ ಬೋರ್ಡಿನಲ್ಲಿ ಒಂದು ತಪ್ಪು ಹುಡುಕಿ, ಅದನ್ನು ಹೇಳಿಯೇ ಒಳಗೆ ಬರುತ್ತಿದ್ದ. ಆ ದಿನ ಮಾತ್ರ ಬೋರ್ಡಿನ ಕಡೆ ನೋಡದೆ ಬಂದು ಕುಳಿತಿದ್ದ.

“ಯಾರನ್ನು ತಿದ್ದುತ್ತಿದ್ದೀಯಪ್ಪ?” ಎಂದರು ಗುರುಗಳು.

“ನನ್ನ ಮಗಳನ್ನು. ನಡೆ ತಿದ್ದಿದೆ, ನುಡಿ ತಿದ್ದಿದೆ. ಅವಳು ಬರೆಯುವುದು, ಉಣ್ಣುವುದು, ಯಾರ ಜೊತೆ ಎಷ್ಟು ಮಾತಾಡಬೇಕು ಎನ್ನುವುದು, ಎಲ್ಲವನ್ನೂ ತಿದ್ದಿದೆ. ಒಂದನ್ನು ತಿದ್ದಿದರೆ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಈಗ ಅವಳು ನನ್ನ ಮುಂದೆ ಮಾತೇ ಆಡುವುದಿಲ್ಲ. ಮುಂದಿನ ವಾರ ದೂರದ ಊರಿನ ಒಂದು ಹಾಸ್ಟೆಲಿಗೆ ಬಿಟ್ಟು ಬರಬೇಕೆಂದಿದ್ದೇನೆ. ಅಲ್ಲಿ ಶಿಸ್ತು ಬಹಳ ಬಿಗಿಯಂತೆ. ನನ್ನಿಂದ ಆಗದ್ದು ಅವರಿಂದಾದರೂ ಆದೀತು. ನೀವು ಹೂಂ ಎಂದರೆ ಹೊರಡಿಸುತ್ತೇನೆ.”

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅವರಿಗೆ ಕತೆ ನೆನಪಾದರೆ ಹಾಗೆಯೇ, ಎದುರಿಗೆ ಕುಳಿತವನ ಅವಸರ ಕಾಣುವುದಿಲ್ಲ. “ನಿನ್ನ ಮನೆಯಲ್ಲಿ ಫೋಟೊ ಪ್ರಿಂಟ್ ಮಾಡುವ ಯಂತ್ರ ಇದೆಯೇ?” ಎಂದು ಕೇಳಿದರು.

ನಿಜಗುಣಪ್ಪ ಇಲ್ಲವೆಂದ.

“ಒಳ್ಳೆಯದಾಯಿತು. ಇದ್ದಿದ್ದರೆ ನೀನು ಅದನ್ನೂ ತಿದ್ದುತ್ತಿದ್ದೆ. ಮಠದಲ್ಲಿ ಕುಳಿತವನಿಗೆ ಪ್ರಿಂಟರಿನ ಸಮಾಚಾರ ಹೇಗೆ ಗೊತ್ತು ಎಂದು ಕೇಳಬೇಡ. ಜನ ದೇವರಿಗೆ ಹೇಳದ್ದನ್ನೂ ನನಗೆ ಹೇಳುತ್ತಾರೆ. ಕೇಳು.” ಹೀಗೆಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಹೆಸರು ಬೇಡ. ಇದೇ ಸೀಮೆಯವನು, ನಾಳೆ ನೀನು ಅವನ ಅಂಗಡಿಗೆ ಹೋಗಿ ಮುಖ ನೋಡಿ ನಕ್ಕರೆ ನನಗೆ ಕಷ್ಟ. ಅವನಿಗೊಬ್ಬ ತಂಗಿ ಇದ್ದಾಳೆ, ಆದ್ದರಿಂದ ಅಣ್ಣ ಎನ್ನೋಣ. ಅವನದು ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತರುತ್ತಾರೆ, ಅವನು ಅದಕ್ಕೆ ಹೊಂದುವ ಕುಪ್ಪಸದ ಬಟ್ಟೆ ಕೊಡುತ್ತಾನೆ. ನನಗೂ ನಿನಗೂ ಕೆಂಪು ಎಂದರೆ ಒಂದೇ ಕೆಂಪು. ಅವನಿಗೆ ಗೋಡೆಯ ತುಂಬ ಕೆಂಪು. ಸೀರೆಯನ್ನು ಒಮ್ಮೆ ನೋಡಿ, ಕಪಾಟಿನತ್ತ ತಿರುಗಿ, ಸುರುಳಿಗಳ ನಡುವೆ ಕೈ ಹಾಕಿ ಒಂದನ್ನು ಎಳೆದನೆಂದರೆ ಅದು ಆ ಸೀರೆಯಿಂದಲೇ ಕತ್ತರಿಸಿದ್ದೇನೋ ಎನ್ನುವಷ್ಟು ಹೊಂದುತ್ತಿತ್ತು.

ಅಂಗಡಿಯಲ್ಲಿ ಅವನದೇ ಕಟ್ಟಳೆಗಳಿದ್ದವು. “ಮನ್ಯಾಗ ಒಂದು ಹಸಿರು ಸೀರಿ ಐತ್ರಿ, ಅದಕ್ಕ ಹೊಂದೂದು ಕೊಡ್ರಿ” ಎಂದು ಯಾರಾದರೂ ಬರಿಗೈಯಲ್ಲಿ ಬಂದರೆ ಅವನು ಸುರುಳಿಯನ್ನೇ ಮುಟ್ಟುತ್ತಿರಲಿಲ್ಲ. “ನೆನಪಿಗೆ ಮ್ಯಾಚಿಂಗ್ ಸಿಗೂದಿಲ್ಲವ್ವಾ, ಸೀರಿ ತಗೊಂಡು ಬಾ” ಎನ್ನುತ್ತಿದ್ದ. ಬಟ್ಟೆ ಆರಿಸಿದ ಮೇಲೆಯೂ ಬಿಡುತ್ತಿರಲಿಲ್ಲ. ಬಾಗಿಲಿಗೆ ಹೋಗಿ, ಹಗಲಿನ ಬೆಳಕಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಬಣ್ಣ ಬೀದಿಗೆ ಬಂದರೆ ಬೇರೆ ಬೇರೆ ಆಗುತ್ತದೆ. ಬಟ್ಟೆಯ ವ್ಯಾಪಾರ ಮಾಡುವವರೆಲ್ಲ ಬಲ್ಲ ಸಂಗತಿ ಇದು.

ಅಣ್ಣನ ತಾಯಿ ತೀರಿಕೊಂಡಳು. ವಯಸ್ಸಾಗಿತ್ತು, ನರಳದೆ ಹೋದಳು. ಮಣ್ಣು ಮಾಡುವಾಗ ಅವನು ಅಳಲಿಲ್ಲ, ಎಲ್ಲರಿಗೂ ಧೈರ್ಯ ಹೇಳಿದ. ಎಷ್ಟೋ ದಿನಗಳಾದ ಮೇಲೆ ಯಾರೋ ಒಬ್ಬ ಮುದುಕಿ ಅಂಗಡಿಗೆ ಬಂದು ಅವ್ವನ ಹಾಗೆಯೇ “ಏನಪ್ಪಾ ಉಂಡೇನು?” ಎಂದಾಗ ಕತ್ತರಿ ಕೆಳಗಿಟ್ಟು ಅತ್ತ. ತಾಯಿ ಎಂದರೆ ಅವನಿಗೆ ಜೀವ. ಅದನ್ನು ಮರೆಯದೆ ಮುಂದಿನದನ್ನು ಕೇಳು. ಅವನು ಕೆಡಿಸಿದ್ದೆಲ್ಲ ಪ್ರೀತಿಯಿಂದಲೇ ಕೆಡಿಸಿದ.

ಆ ತಾಯಿಗೆ ಫೋಟೊ ಎಂದರೆ ಆಗದು. ಯಾರಾದರೂ ಫೋನು ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ಮನೆಯ ಮದುವೆಗಳ ಫೋಟೊದಲ್ಲೆಲ್ಲ ಅವಳದು ಬರೀ ಒಂದು ಭುಜ, ಇಲ್ಲವೇ ಯಾರದೋ ಹಿಂದಿನಿಂದ ಇಣುಕುವ ಅರ್ಧ ಹಣೆ. ಒಂದೇ ಒಂದು ಸಲ ಸಿಕ್ಕಿಬಿದ್ದಿದ್ದಳು. ಬಾಗಿಲ ಮೆಟ್ಟಿಲ ಮೇಲೆ ಕುಳಿತು ಶೇಂಗಾ ಸುಲಿಯುತ್ತ ಏನಕ್ಕೋ ನಕ್ಕಾಗ ಮಗಳು, ಅಣ್ಣನ ಆ ತಂಗಿ, ಫೋನಿನಲ್ಲಿ ಹಿಡಿದುಬಿಟ್ಟಿದ್ದಳು, ಹಿಡಿದದ್ದನ್ನು ಅಣ್ಣನಿಗೆ ಕಳಿಸಿದ್ದಳು. ಮುಂದೆ ಆ ಮಗಳ ಫೋನು ಬಸ್ಸಿನಲ್ಲಿ ಕಳೆದುಹೋಯಿತು. ಅಣ್ಣ ಫೋಟೊವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಫೋನಿನಲ್ಲಿ ಜಾಗ ಸಾಲದೆಂದು ಶುಭೋದಯದ ಹೂವು, ಸೂರ್ಯ, ದೇವರುಗಳನ್ನೆಲ್ಲ ಒಟ್ಟಿಗೆ ಅಳಿಸಿದ. ಹೂವಿನ ಜೊತೆ ಅವ್ವನೂ ಹೋದಳು. ಕಂಪ್ಯೂಟರಿನಲ್ಲಿ ಇದ್ದಾಳಲ್ಲ ಎಂದು ಸುಮ್ಮನಾದ. ಲೋಕದಲ್ಲಿ ಅವಳ ಚಿತ್ರ ಉಳಿದದ್ದು ಅದೊಂದೇ.

ವರ್ಷದ ಪೂಜೆ ಹತ್ತಿರ ಬಂತು. ಬಳಗ ಸೇರುತ್ತದೆ, ಫೋಟೊ ಇಟ್ಟು ಎಡೆ ಹಿಡಿಯಬೇಕು. ಸ್ಟುಡಿಯೊಗೆ ಕೊಟ್ಟರಾಯಿತು ಎಂದರು ಮನೆಯವರು. ಅವನಿಗೆ ಮನಸ್ಸಾಗಲಿಲ್ಲ. ತನ್ನ ಅವ್ವನ ಬಣ್ಣವನ್ನು ಇನ್ನೊಬ್ಬ ಏನು ಬಲ್ಲ? ಬಣ್ಣ ತನ್ನ ಕಸುಬು. ಹಾಗೆಂದು ಅವನೇ ಒಂದು ಪ್ರಿಂಟರ್ ತಂದ, ಹೊಳಪಿನ ಫೋಟೊ ಕಾಗದ ತಂದ, ಮನೆಯ ಒಳಕೋಣೆಯಲ್ಲಿ ಕುಳಿತ.

ಮೊದಲ ಫೋಟೊ ಹೊರಬಂತು. ಪರದೆಯ ಮೇಲೆ ಬೆಳಗುತ್ತಿದ್ದ ಅವ್ವ ಕಾಗದದ ಮೇಲೆ ಮಂಕಾಗಿದ್ದಳು. ಮುಖಕ್ಕೆ ನೇರಳೆ ಛಾಯೆ ಬಂದಿತ್ತು. ಅವನು ಶಾಯಿ ಬದಲಿಸಿದ. ಕಾಗದ ಬದಲಿಸಿದ. ಯಂತ್ರವನ್ನು ಬಿಚ್ಚಿ ಒರೆಸಿ ಮುಚ್ಚಿದ. ಯಾವ ಕಾಗದ ಹಾಕಿದ್ದೀಯ ಎಂದು ಯಂತ್ರ ಪ್ರತಿ ಸಲ ಕೇಳುತ್ತಿತ್ತು. ಅವನು ಓದದೆ ಸರಿ, ಸರಿ ಎಂದು ಒತ್ತುತ್ತಿದ್ದ. ಹಾಕಿದ್ದು ಸಾದಾ ಕಾಗದ ಎಂದುಕೊಂಡು ಯಂತ್ರ ತನ್ನ ಲೆಕ್ಕದಲ್ಲಿ ಶಾಯಿ ಸುರಿಯುತ್ತಿತ್ತು. ಡಬ್ಬಿಯೊಳಗೆ ಸೂಚನೆಯ ಹಾಳೆ ಇತ್ತು, ಅದನ್ನೂ ಅವನು ಓದಲಿಲ್ಲ. ನಮ್ಮಲ್ಲಿ ಯಾರು ಓದುತ್ತಾರೆ?

ಇನ್ನು ಆ ಪರದೆಯ ಸಂಗತಿ. ಅವನು ಅದರಲ್ಲಿ ಕ್ರಿಕೆಟ್ ನೋಡುತ್ತಿದ್ದ. ಬೆಳಕನ್ನು ಏರಿಸುವಷ್ಟು ಏರಿಸಿ ಇಟ್ಟಿದ್ದ. ಹುಲ್ಲು ಕಣ್ಣಿಗೆ ಹೊಡೆಯುವ ಹಾಗೆ ಹಸಿರಾಗಿ ಕಂಡರೇ ಅವನಿಗೆ ಸಮಾಧಾನ. ಅಂಥ ಪರದೆಯ ಮೇಲೆ ಇದ್ದಿಲು ಕೂಡ ಮಿಂಚುತ್ತದೆ. ಅವನು ಅದರ ಪಕ್ಕಕ್ಕೆ ಕಾಗದ ಹಿಡಿದ, ಟ್ಯೂಬ್‌ಲೈಟಿನ ಕೆಳಗೆ ನಿಂತು ಎರಡನ್ನೂ ನೋಡಿದ, ತಪ್ಪು ಕಾಗದದ್ದೇ ಎಂದು ತೀರ್ಮಾನ ಮಾಡಿದ. ಅಂಗಡಿಯಲ್ಲಿ ಎಂದೂ ಮಾಡದ ಕೆಲಸವನ್ನು ಮನೆಯಲ್ಲಿ ಮಾಡುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲ.

ತಿದ್ದಲು ಕುಳಿತ. ಫೋಟೊವನ್ನು ಒಂದಿಷ್ಟು ಬೆಳ್ಳಗೆ ಮಾಡಿದ, ಪ್ರಿಂಟ್ ತೆಗೆದ. ಇನ್ನೂ ಕಪ್ಪು. ಮತ್ತೊಂದಿಷ್ಟು ಬೆಳ್ಳಗೆ ಮಾಡಿದ. ನೇರಳೆ ಹೋಗಲೆಂದು ಹಳದಿ ಹಾಕಿದ. ಹಳದಿ ಹೆಚ್ಚಾಯಿತೆಂದು ಕೆಂಪು ಹಾಕಿದ. ಶಾಯಿ ಆರುವವರೆಗೂ ಕಾಯುವ ತಾಳ್ಮೆ ಇಲ್ಲ, ಹಸಿಯಾಗಿದ್ದಾಗಲೇ ಮುಂದಿನದನ್ನು ತಿದ್ದುತ್ತಿದ್ದ. ತಿದ್ದಿದಾಗಲೆಲ್ಲ ಸೇವ್ ಒತ್ತುತ್ತಿದ್ದ. ಹಳೆಯದರ ಮೇಲೆ ಹೊಸದು ಕೂರುತ್ತಿತ್ತು. ಬೇರೆ ಹೆಸರಿನಲ್ಲಿ ಒಂದು ಪ್ರತಿ ಎತ್ತಿಡಬೇಕೆಂದು ಅವನಿಗೆ ತೋಚಲೇ ಇಲ್ಲ. ತಿದ್ದುವವನಿಗೆ ಹಿಂದಿನದು ಬೇಕೆನ್ನಿಸುವುದಿಲ್ಲ. ಅದು ತಪ್ಪಾಗಿದ್ದದ್ದು ತಾನೇ?

ಕೊನೆಗೆ ಪರದೆಯಂತೆಯೇ ಬೆಳಗುವ ಒಂದು ಫೋಟೊ ಬಂತು. ಗೋಧಿ ಬಣ್ಣದ ಮುಖ, ನುಣ್ಣಗಿನ ಕೆನ್ನೆ. ಅವನು ತೃಪ್ತಿಯಿಂದ ಕಟ್ಟು ಹಾಕಿಸಿದ.

ಪೂಜೆಯ ದಿನ ಬಂದವರೆಲ್ಲ ಹೊಗಳಿದರು. “ಎಷ್ಟು ಲಕ್ಷಣಾಗಿ ಬಂದಾಳ ನೋಡವ್ವಾ, ದೇವಿ ಕುಂತಂಗ” ಎಂದರು. ಅಣ್ಣ ಹಿಗ್ಗಿದ.

ಆಮೇಲೆ ತಂಗಿ ಬಂದಳು. ಪಕ್ಕದ ಊರಿಗೆ ಕೊಟ್ಟ ಹೆಣ್ಣು. ಬಣ್ಣದಲ್ಲಿ ತಾಯಿಯ ಅಚ್ಚು, ಎಣ್ಣೆಗಪ್ಪು. ಅಣ್ಣ ತಂದೆಯ ಹಾಗೆ ಕೆಂಪಗೆ. ಚಿಕ್ಕವರಿದ್ದಾಗ ಮನೆಗೆ ಬಂದವರೆಲ್ಲ ಅವನ ಗಲ್ಲ ಹಿಂಡಿ, ಅವಳತ್ತ ತಿರುಗಿ “ಇದು ಅವ್ವನಂಗ ಆತು ನೋಡು” ಎನ್ನುತ್ತಿದ್ದರು. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಅಲ್ಲವೆಂದು ಗೊತ್ತಾದ ಮೇಲೂ ಹಾಗೆಯೇ ಇಟ್ಟುಕೊಂಡಳು.

ಅವಳು ಫೋಟೊದ ಮುಂದೆ ಬಹಳ ಹೊತ್ತು ನಿಂತಳು. ಕೈ ಮುಗಿಯಲಿಲ್ಲ.

“ಇದು ನಮ್ಮವ್ವ ಅಲ್ಲ” ಎಂದಳು.

ಮಾತಾಡುತ್ತಿದ್ದವರೆಲ್ಲ ಅವಳತ್ತ ತಿರುಗಿದರು. ಅಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು. “ಬಣ್ಣದ ಮಾತು ನನಗ ಹೇಳಬ್ಯಾಡ. ಇಡೀ ಪ್ಯಾಟಿ ಹೆಣ್ಮಕ್ಕಳು ನನ್ನ ಕಣ್ಣು ನಂಬಿ ಬರ್ತಾರ” ಎಂದ.

“ಅವರು ಬರೂಮುಂದ ಸೀರಿ ತರ್ತಾರ ಅಣ್ಣಾ. ನೀ ಅವ್ವನ್ನ ಯಾವುದಕ್ಕ ಹಿಡಿದು ನೋಡಿದಿ?”

ಅವನಿಗೆ ಸಿಟ್ಟು ಬಂತು. “ನಿನ್ನಂಗ ಕಪ್ಪು ಬರಲಿಲ್ಲಂತ ನಿನಗ ಹೊಟ್ಟಿಕಿಚ್ಚು” ಎಂದುಬಿಟ್ಟ. ಆಡಬಾರದ ಮಾತು. ಆಡಿದ ಗಳಿಗೆಯಲ್ಲೇ ಅವನಿಗೂ ಅದು ಗೊತ್ತಾಯಿತು. ಆದರೆ ಬಳಗದ ಮುಂದೆ ಆಡಿದ ಮಾತನ್ನು ಬಳಗದ ಮುಂದೆ ಹಿಂದಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡವನಾಗಿರಲಿಲ್ಲ. ತಂಗಿ ತಾಯಿಯ ಎಡೆಯ ಊಟ ಬಿಟ್ಟು ಹೋದಳು.

ದಿನಗಳು ಹೋದವು. ಅವನು ಫೋನು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಪಂಚಮಿ ಬಂತು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರಬೇಕು. ಅವನು ಬ್ಯಾಗು ಹಿಡಿದು ಬಸ್ ನಿಲ್ದಾಣದವರೆಗೆ ಹೋದ, ಅವಳೇ ಮೊದಲು ಫೋನು ಮಾಡಲಿ ಎಂದುಕೊಂಡು ಅಲ್ಲಿಂದ ತಿರುಗಿ ಬಂದ. ಆ ವರ್ಷ ಮನೆಯಲ್ಲಿ ಜೋಕಾಲಿ ಕಟ್ಟಲಿಲ್ಲ. ತವರಿನ ದಾರಿ ನೋಡುತ್ತ ಕುಳಿತ ಹೆಣ್ಣಿನ ಸಂಕಟ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಅದಕ್ಕೇ ಆ ದಿನ ಉಂಡದ್ದು ಮೈಗೆ ಹತ್ತಲಿಲ್ಲ.

ಹಬ್ಬ ಕಳೆದ ಮೇಲೆ ಮದುವೆಯ ಗಿರಾಕಿಗಳು ಬರತೊಡಗಿದರು. ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಅವನು ಆರಿಸಿದ ಬಟ್ಟೆ ಹೊಂದುವುದಿಲ್ಲ ಎಂದು ವಾದಕ್ಕೆ ನಿಂತಳು. ಅವನು ಅಭ್ಯಾಸದಂತೆ ಹೇಳಿದ: “ದೀಪದಾಗ ನೋಡಿ ಜಗಳಾ ತಗೀಬ್ಯಾಡವ್ವಾ. ಬಾಗಿಲಿಗೆ ಹೋಗು, ಸೀರಿಗೆ ಹಚ್ಚಿ ನೋಡು.”

ಅವನು ಎಷ್ಟು ಸಲ ಆಡಿದ ಮಾತೋ ಅದು. ಅಂದು ಮೊದಲ ಸಲ ಅವನ ಕಿವಿಗೇ ಬಿತ್ತು.

ಆ ಹೆಣ್ಣುಮಗಳು ಬಾಗಿಲಿಗೆ ಹೋಗಿ, ನೋಡಿ, ಹೊಂದುತ್ತದೆ ಎಂದು ಒಪ್ಪಿಕೊಂಡು ಬಂದಳು. ಅವನು ಬಟ್ಟೆಯನ್ನು ಅಳೆಯಲೂ ಇಲ್ಲ. ಅಂಗಡಿಗೆ ಬೀಗ ಹಾಕಿ ನಡುಹಗಲಿನಲ್ಲಿ ಮನೆಗೆ ಬಂದ, ಗೋಡೆಯ ಮೇಲಿನ ಫೋಟೊ ಇಳಿಸಿದ, ತೆಗೆದುಕೊಂಡು ಬಾಗಿಲಿಗೆ ಹೋದ. ಆ ಫೋಟೊವನ್ನು ಅವನು ಹಗಲಿನ ಬೆಳಕಿನಲ್ಲಿ ಹಿಡಿದು ನೋಡಿದ್ದು ಅದೇ ಮೊದಲು.

ಅಲ್ಲಿ ಅವ್ವ ಇರಲಿಲ್ಲ. ಪೌಡರ್ ಬಳಿದುಕೊಂಡ ಯಾರೋ ಒಬ್ಬ ಮುದುಕಿ ನಗುತ್ತಿದ್ದಳು. ಮೂಗಿನ ಪಕ್ಕದ ಗೆರೆ ಹೋಗಿತ್ತು. ಗಲ್ಲದ ಮೇಲಿನ ಹಚ್ಚೆ, ತಾನು ಕೂಸಾಗಿದ್ದಾಗ ಬೆರಳಿಟ್ಟು ಆಡುತ್ತಿದ್ದ ಆ ಹಸಿರು ಹಚ್ಚೆ, ಇರಲೇ ಇಲ್ಲ. ತಾನು ಇಷ್ಟು ದಿನ ಅದಕ್ಕೆ ಕೈ ಮುಗಿಯುತ್ತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಓಡಿ ಹೋಗಿ ಕಂಪ್ಯೂಟರ್ ತೆರೆದ. ಹಳೆಯ ಫೋಟೊ ಹುಡುಕಿದ. ಎಲ್ಲಿದೆ ಹಳೆಯದು? ತಿದ್ದಿದ್ದು ಒಂದೇ ಇತ್ತು. ಅದನ್ನು ಕಪ್ಪು ಮಾಡಿ ನೋಡಿದ. ಮುಖ ಬೂದಿಯಾಯಿತು, ಅವ್ವನ ಬಣ್ಣ ಬರಲಿಲ್ಲ. ಇನ್ನೊಂದು ರೀತಿ ಮಾಡಿದ, ಮಣ್ಣಿನ ಗೊಂಬೆಯಾಯಿತು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಯಾವ ಬಣ್ಣಕ್ಕೆ ಮರಳಬೇಕು ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಬರಲಿಲ್ಲ. ಅವ್ವ ಹುಣಸೆಬೀಜದ ಬಣ್ಣವೇ, ಹಳೆಯ ಬೆಲ್ಲದ ಬಣ್ಣವೇ? ಕಣ್ಣು ಮುಚ್ಚಿದರೆ ನಗು ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಬಣ್ಣ ಮಾತ್ರ ಕೈಗೆ ಸಿಗದು. ಸಾವಿರ ಹೆಂಗಸರ ಸೀರೆಯ ಬಣ್ಣ ಬಲ್ಲವನು ಹೆತ್ತವಳ ಬಣ್ಣ ಮರೆತಿದ್ದ. ಅವನು ಕೀಬೋರ್ಡಿನ ಮೇಲೆ ತಲೆ ಇಟ್ಟು ಮಗುವಿನ ಹಾಗೆ ಅತ್ತ.

ಅತ್ತ ಮೇಲೆ ಮುಖ ತೊಳೆದುಕೊಂಡು ತಂಗಿಯ ಊರಿನ ಬಸ್ಸು ಹತ್ತಿದ.

ಅವಳು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನೋಡಿದಳು, ಎದ್ದು ಹೋಗಿ ಒಂದು ತಂಬಿಗೆ ನೀರು ತಂದಿಟ್ಟಳು. ಕೂಡು ಎನ್ನಲಿಲ್ಲ. ಅವನು ಬರುವ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದ. ಪಂಚಮಿಯ ದಿನ ಅಂಗಡಿಯಲ್ಲಿ ಕೆಲಸವಿತ್ತು ಎನ್ನಬೇಕೆಂದಿದ್ದ. ಅವಳ ಮುಂದೆ ನಿಂತಾಗ ಅದೊಂದೂ ಬಾಯಿಗೆ ಬರಲಿಲ್ಲ.

“ಅವ್ವನ ಬಣ್ಣ ಮರ್ತೀನಿ” ಎಂದ.

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಬಲಗೈಯನ್ನು ಅವನ ಮುಂದೆ ಚಾಚಿದಳು. ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಅವನ ಊರಿಗೆ ಬಂದರು.

ಈಗ ಅವನು ತನ್ನ ಕಸುಬಿನವನ ಹಾಗೆ ಕೆಲಸ ಮಾಡಿದ. ಮೊದಲು ಆ ಡಬ್ಬಿಯ ಹಾಳೆ ಓದಿದ. ಯಾವ ಕಾಗದ ಎಂದು ಯಂತ್ರ ಕೇಳಿದಾಗ ನಿಜ ಹೇಳಿದ. ಬಣ್ಣ ತಿದ್ದುವ ಅಧಿಕಾರ ಇಬ್ಬರಿಗೆ ಇತ್ತು, ಕಂಪ್ಯೂಟರಿಗೂ ಇತ್ತು, ಪ್ರಿಂಟರಿಗೂ ಇತ್ತು. ಅದು ತಿದ್ದಿದ್ದನ್ನು ಇದು ಮತ್ತೆ ತಿದ್ದುತ್ತಿತ್ತು. ನೇರಳೆ ಬಂದದ್ದು ಅಲ್ಲಿಂದ. ಅವನು ಒಬ್ಬರ ಬಾಯಿ ಮುಚ್ಚಿಸಿದ.

ಆಮೇಲೆ ಕಂಪ್ಯೂಟರನ್ನು ಒಳಕೋಣೆಯಿಂದ ಪಡಸಾಲೆಗೆ ತಂದ. ಒಂದು ಖಾಲಿ ಬಿಳಿ ಕಾಗದವನ್ನು ಬಾಗಿಲ ಬೆಳಕಿನಲ್ಲಿ ಹಿಡಿದ. ಪರದೆಯ ಮೇಲೆಯೂ ಬರೀ ಬಿಳಿ ತೆರೆದ. ಎರಡನ್ನೂ ನೋಡಿದ. ಪರದೆ ದೀಪ, ಕಾಗದ ಬಟ್ಟೆ. ಇಷ್ಟು ದಿನ ಬಟ್ಟೆಯನ್ನು ದೀಪಕ್ಕೆ ಹೊಂದಿಸಲು ಹೋಗಿದ್ದೆನಲ್ಲ ಎಂದುಕೊಂಡ. ಬಟ್ಟೆ ಎಷ್ಟು ಬೆಳ್ಳಗಾದರೂ ದೀಪವಾಗುತ್ತದೆಯೇ? ಪರದೆಯ ಬೆಳಕನ್ನು ಇಳಿಸುತ್ತ ಇಳಿಸುತ್ತ ಅದರ ಬಿಳಿ ಕಾಗದದ ಬಿಳಿಯಷ್ಟೇ ಆದಾಗ ನಿಲ್ಲಿಸಿದ.

ಅವ್ವನ ಕೆನ್ನೆಯ ಒಂದೇ ತುಣುಕನ್ನು ಬೇರೆ ಬೇರೆ ಬಣ್ಣದಲ್ಲಿ ಒಂದೇ ಹಾಳೆಯ ಮೇಲೆ ಪ್ರಿಂಟ್ ತೆಗೆದ. ಈ ಸಲ ಒಂದೊಂದಕ್ಕೂ ಒಂದೊಂದು ಹೆಸರು ಕೊಟ್ಟು ಬೇರೆ ಬೇರೆ ಎತ್ತಿಟ್ಟ. ಶಾಯಿ ಚೆನ್ನಾಗಿ ಆರುವವರೆಗೆ ಇಬ್ಬರೂ ಚಹಾ ಕುಡಿದರು. ಆಮೇಲೆ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಾಗಿಲಲ್ಲಿ ಕುಳಿತರು. ತಂಗಿ ಕೈ ಚಾಚಿದಳು. ಅವನು ಅವಳ ತೋಳಿನ ಒಳಬದಿಯ ನುಣುಪು ಜಾಗಕ್ಕೆ ಒಂದು ಪಟ್ಟಿ ಹಚ್ಚಲು ಹೋದ.

“ಅಲ್ಲಿ ಬ್ಯಾಡ, ಮುಂಗೈಗೆ ಹಚ್ಚು. ಅವ್ವ ಬಿಸಿಲಾಗ ದುಡಿದಾಕಿ” ಎಂದಳು ತಂಗಿ.

ಅವನು ಮುಂಗೈಗೆ ಹಚ್ಚಿದ. ಸೀರೆಯ ಮೇಲೆ ಕುಪ್ಪಸದ ಬಟ್ಟೆ ಇಡುವ ಹಾಗೆ ಒಂದೊಂದೇ ಪಟ್ಟಿ ಇಟ್ಟು ನೋಡಿದ. ಇದು ಕೆಂಪು ಹೆಚ್ಚು. ಇದಕ್ಕೆ ಜೀವವಿಲ್ಲ. ಇದು ಹತ್ತಿರ ಬಂತು, ಆದರೆ ಅದಲ್ಲ. ಮತ್ತೆ ಪ್ರಿಂಟ್ ತೆಗೆದ, ಮತ್ತೆ ಕಾದರು. ಬೆಳಕು ಬಾಗಿಲಿನಿಂದ ಸರಿದಾಗ ನಿಲ್ಲಿಸಿ, ಮರುದಿನ ಬೆಳಿಗ್ಗೆ ಮುಂದುವರಿಸಿದರು. ಕೊನೆಗೆ ಒಂದು ಪಟ್ಟಿಯನ್ನು ಇಟ್ಟ. ಅದು ಎಲ್ಲಿ ಮುಗಿಯಿತು, ತಂಗಿಯ ಕೈ ಎಲ್ಲಿ ಶುರುವಾಯಿತು ಎಂದು ಕಾಣಲಿಲ್ಲ.

ಅಣ್ಣ ಆ ಪಟ್ಟಿಯನ್ನು ಎತ್ತಲಿಲ್ಲ. “ಇಷ್ಟು ಚಂದ ಇದ್ದಳಲ್ಲ” ಎಂದ. ಆ ಮಾತು ತಾಯಿಗೂ ಸಂದಿತು, ಎದುರಿಗೆ ಕುಳಿತವಳಿಗೂ ಸಂದಿತು. ಪೂಜೆಯ ದಿನ ಆಡಿದ್ದಕ್ಕೆ ತಪ್ಪಾಯಿತು ಎಂದು ಅವನು ಆಗ ಹೇಳಿದ. ತಂಗಿ “ಕೈ ನೋಯಾಕ ಹತ್ತೈತಿ, ಲಗೂನ ಫೋಟೊ ತಗಿ” ಎಂದು ಬೈದಳು.

ಫೋಟೊ ಗೋಡೆಗೆ ಬಂತು. ನೋಡಿದ ಬಳಗದವರು ಕೆಲವರು “ಮೊದಲಿನದು ಛೊಲೊ ಇತ್ತು, ಇದು ಕರ್ರಗ ಬಂದೈತಲ್ಲ” ಎಂದರು. ಅಣ್ಣ ಜಗಳಕ್ಕೆ ಹೋಗಲಿಲ್ಲ. ತಂಗಿ ಮಾತ್ರ ಅದರ ಮುಂದೆ ನಿಂತು, “ಎಲ್ಲಿ ಹೋಗಿದ್ದಿ ಬೇ ಇಷ್ಟು ದಿನ?” ಎಂದು ತಾಯಿಯನ್ನು ಕೇಳಿ ಕಣ್ಣೊರೆಸಿಕೊಂಡಳು.

ಆದರೆ ಬಂದದ್ದು ಬಣ್ಣ ಮಾತ್ರ. ಮೂಗಿನ ಪಕ್ಕದ ಗೆರೆ ಪೂರ್ತಿ ಬರಲಿಲ್ಲ. ಗಲ್ಲದ ಹಚ್ಚೆ ಬರಲೇ ಇಲ್ಲ. ಅದು ಇದ್ದ ಜಾಗ ಬೋಳಾಗಿಯೇ ಉಳಿಯಿತು. ಅಣ್ಣ ಇಂದಿಗೂ ಕೈ ಮುಗಿಯುವಾಗ ಮೊದಲು ಅಲ್ಲಿಗೇ ನೋಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣಪ್ಪ ತಲೆದೂಗಿದ. ಪಾಠದ ಸಾರಾಂಶ ಹೇಳುವುದು ಅವನಿಗೆ ರೂಢಿ. “ತಿಳಿಯಿತು ಗುರುಗಳೇ. ಮಗಳನ್ನು ನೋಡುವ ನನ್ನ ಪರದೆಯೇ ಸರಿ ಇಲ್ಲ ಎನ್ನುತ್ತೀರಿ. ಮೊದಲು ಅದನ್ನು ತಿದ್ದಿಕೊಳ್ಳುತ್ತೇನೆ. ಆಮೇಲೆ ಅವಳನ್ನು ತಿದ್ದುತ್ತೇನೆ” ಎಂದ.

ಗುರುಗಳು ಅವನನ್ನು ಕನಿಕರದಿಂದ ನೋಡಿದರು.

“ಅದಿರಲಿ. ನೀನು ತಿದ್ದಲು ಶುರು ಮಾಡುವ ಮೊದಲು ನಿನ್ನ ಮಗಳು ಹೇಗಿದ್ದಳು, ಹೇಳು.”

ನಿಜಗುಣಪ್ಪ ಹೇಳಲು ಬಾಯಿ ತೆರೆದ. ನೆನಪಿಗೆ ಬಂದದ್ದೆಲ್ಲ ತಾನು ತಿದ್ದಿದ ತಪ್ಪುಗಳೇ, ಮಗಳು ಮಾತ್ರ ಬರಲಿಲ್ಲ.